ಕಂಪ್ಯೂಟರ್ ಸಾಬರು, ನಮ್ಮ ಕಂಡೆನ್ಸರ್

ತಿಪಟೂರಿನ ಕಂಪ್ಯೂಟರ್ ಸಾಬರು ತೀರಿಕೊಂಡರು ಎಂದು ತಂಗಿ ರತ್ನ ಬಂದು ಹೇಳಿದಾಗ ನಾನು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಅಯ್ಯೋ ಅನ್ನುವುದಕ್ಕೆ ಮೊದಲೇ ನನ್ನ ಮನಸ್ಸಿನಲ್ಲಿ ಬಂದ ಮಾತು, ಸದ್ಯ, ಅವರಿಗೆ ಹೇಳಿಬಿಟ್ಟಿದ್ದೆನಲ್ಲ, ಎಂಬುದು. ಸಾವಿನ ಸುದ್ದಿ ಕೇಳಿದವರು ಮೊದಲು ಸದ್ಯ ಅಂದುಕೊಳ್ಳಬಾರದು. ಆದರೆ ಬಂದದ್ದು ಅದೇ. ಬೀಜ ಬಿಡಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಅಳು ಆಮೇಲೆ ಬಂತು.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಹೋದ ಮೇಲೆ ತೋಟ ನೋಡುವವರು ಬೇಕಿತ್ತು, ನೋಡಿಕೊಂಡೆ. ರತ್ನ ಬಿ.ಕಾಂ. ಮಾಡಿದಳು. ಸಾಬರ ಬಗ್ಗೆ ಯಾರಾದರೂ ಬರೆಯಬೇಕು ಎಂದು ನಾನು ಅಂದದ್ದಕ್ಕೆ ಅವಳು, "ನೀನೇ ಬರಿ ಅಕ್ಕ, ತಪ್ಪು ನಿಂದಲ್ವಾ? ನಾನು ಟೈಪು ಮಾಡಿಕೊಡ್ತೀನಿ" ಅಂದಳು. ನಗುತ್ತಲೇ ಅಂದಳು. ಹಾಗೆ ನಗುವಂತಾಗಿದೆ ಎನ್ನುವುದೇ ನನಗೆ ದೊಡ್ಡದು.

ಸಾಬರ ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರಿಗೆ ಖುಷಿಯೇ ಆಗುತ್ತಿತ್ತು, ಇನ್ನೊಂದು ಸಲ ಬರಿಯಿರಿ ಅನ್ನುತ್ತಿದ್ದರು. ಅವರ ಮನೆಯವರನ್ನು ಕೇಳಿಲ್ಲ, ಅದಕ್ಕೆ.

ಎತ್ತರದ ಆಳು. ನಮ್ಮ ತೋಟದ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿರುವ ಕಡೆ ಸ್ಕ್ರೂಡ್ರೈವರು. ಕಂಪ್ಯೂಟರಿನ ಹೊಟ್ಟೆಯೊಳಗಿನ ದೂಳು ತೆಗೆಯುವುದಕ್ಕೆ ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ಷು. ಯಾವುದೇ ಮಿಷನ್ನು ಬಿಚ್ಚುವ ಮೊದಲು ಚಪ್ಪಲಿ ಹೊರಗೆ ಬಿಟ್ಟು, ಹಿತ್ತಲ ತೊಟ್ಟಿಗೆ ಹೋಗಿ ಮೊಣಕೈಯವರೆಗೆ ಕೈ ತೊಳೆದು ಬರುತ್ತಿದ್ದರು. ಬಿಚ್ಚಿದ ಮೊಳೆಗಳನ್ನು ಹಾಕಿಡಲು ನಾನೊಂದು ಕರಟ ಕೊಟ್ಟರೆ ಅದನ್ನು ಎರಡು ಬೆರಳಲ್ಲಿ ಹಿಡಿದು ದೂರ ಇಡುತ್ತಿದ್ದರು. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ಅವರಿಗೆ ತೆಂಗಿನಕಾಯಿ ಕಂಡರೆ ಆಗುತ್ತಿರಲಿಲ್ಲ. ತಿಂಡಿ ಕೊಟ್ಟರೆ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿಬಿಡುವರು. ಯಾಕೆ ಎಂದು ಕೇಳಿದ್ದಕ್ಕೆ, ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದರು, ಆ ವಾಸನೆಯಲ್ಲೇ ನನ್ನ ಹೊಟ್ಟೆ ಹುಟ್ಟುವಾಗಲೇ ತುಂಬಿಹೋಗಿದೆ ಅಂದರು. ಆದರೆ ಟೀ ಎಷ್ಟು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ.

ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರು, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರು. ಒಂದು ಹೋದಂತೆ ಇನ್ನೊಂದನ್ನು ತಾವೇ ಬಿಚ್ಚಿ ಬಿಚ್ಚಿ ಕಲಿತವರು. ತಿಪಟೂರಿನಲ್ಲಿ ನನ್ನ ಕೈ ಮುಟ್ಟದ ರೇಡಿಯೋ ಇಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಹಾಗಂತ ಎಲ್ಲ ಗೊತ್ತಿದ್ದವರಲ್ಲ. ಅವರ ಮೊದಲ ಊಹೆ ಯಾವತ್ತೂ ತಪ್ಪುತ್ತಿತ್ತು. ಎರಡನೆಯದೂ ಎಷ್ಟೋ ಸಲ ತಪ್ಪುತ್ತಿತ್ತು. ಅದಕ್ಕೆ ಮುಖ ಸಣ್ಣದು ಮಾಡಿಕೊಳ್ಳುವ ಜನ ಅಲ್ಲ ಅವರು. "ಇದಲ್ಲ ಅಂತ ಗೊತ್ತಾಯ್ತಲ್ಲ ಅಕ್ಕಮ್ಮ, ಅದೂ ಕೆಲ್ಸಾನೇ" ಎಂದು ಮುಂದಿನ ಮೊಳೆಗೆ ಕೈ ಹಾಕುತ್ತಿದ್ದರು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕಮ್ಮ ಅನ್ನುತ್ತಿದ್ದರು.

ರತ್ನ ಗಂಡನ ಮನೆ ಬಿಟ್ಟು ಬಂದ ಮೇಲೆ ತಲೆ ಎತ್ತಿ ಓಡಾಡಿದ್ದು ಆ ಕಂಪ್ಯೂಟರಿನಿಂದ. ಎಲ್ಲೋ ದೂರದ ಆಸ್ಪತ್ರೆಯ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಇವಳು ಟೈಪು ಮಾಡಿ ಕಳಿಸುವ ಕೆಲಸ. ಒಂದು ಸಲ ಕಂಪನಿಯವರು, ಹೊಸ ಅಪ್‌ಡೇಟ್ ಬಂದಿದೆ, ಈ ತಿಂಗಳು ಮುಗಿಯುವುದರೊಳಗೆ ಹಾಕಿಕೊಳ್ಳದಿದ್ದರೆ ಕೆಲಸ ಕೊಡುವುದಿಲ್ಲ ಎಂದರು. ಅದನ್ನು ನಮ್ಮ ಮನೆಯ ಇಂಟರ್‌ನೆಟ್ಟಿನಲ್ಲೇ ಇಳಿಸಿಕೊಳ್ಳಬೇಕಂತೆ, ಬೇರೆ ಕಡೆ ಒಯ್ದರೆ ಆಗದಂತೆ. ರತ್ನ ಇಳಿಸಲು ಹಾಕಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ಉದ್ದವಾಗುತ್ತ ಹೋಗಿ, ಮುಕ್ಕಾಲು ಪಾಲು ಬಂದು ನಿಂತು, ಕೆಂಪು ಅಕ್ಷರ ಬಂತು. ಮತ್ತೆ ಹಾಕಿದರೆ ಮತ್ತೆ ಮೊದಲಿನಿಂದ. ದಿನಾ ಇದೇ ಆಯಿತು. ಟೈಪು ಮಾಡಿದ್ದನ್ನು ಕಳಿಸಲು ತೊಂದರೆಯಿಲ್ಲ, ಅದು ಚಿಕ್ಕದು. ಈ ದೊಡ್ಡದು ಮಾತ್ರ ಬರಲೊಲ್ಲದು.

ಸಾಬರು ತಮ್ಮ ಮೊಪೆಡ್ಡಿನಲ್ಲಿ ಬಂದರು. ಮೊದಲು ತಾರೀಕು ಸರಿಯಿಲ್ಲ ಅಂದರು. ಸರಿಮಾಡಿದರು, ಅದಲ್ಲ. ಜಾಗ ಸಾಲದು ಎಂದು ಹಳೆಯದನ್ನೆಲ್ಲ ಅಳಿಸಿದರು, ಅದಲ್ಲ. ವೈರಸ್ ಕಾಯುವ ಸಾಫ್ಟ್‌ವೇರೇ ಅಡ್ಡ ಬರುತ್ತಿದೆ ಎಂದು ಅದನ್ನು ತೆಗೆದರು, ಅದೂ ಅಲ್ಲ. ಒಳಗಡೆ ಇರುವೆ ಗೂಡು ಕಟ್ಟಿದ್ದು ಸಿಕ್ಕಿದಾಗ ಗೆದ್ದೆ ಎಂದು ಕೂಗಿದರು. ಅದೂ ಅಲ್ಲ. ಕೊನೆಗೆ ಇಂಟರ್‌ನೆಟ್ಟಿನ ವೈರು ಸಿಕ್ಕಿಸುವ ಭಾಗವೇ ಹೋಗಿದೆ ಎಂದು ತಮ್ಮ ಅಂಗಡಿಯಿಂದ ಬೇರೆ ತಂದು ಹಾಕಿದರು. ರತ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರುವಳು. ಸಾಬರು ಕಂಪ್ಯೂಟರನ್ನು ಹೊಸ ಸೊಸೆಯಂತೆ ಮಾತಾಡಿಸುವರು: ಬಾ ತಾಯಿ, ಇನ್ನೇನು ಬಂದೇಬಿಟ್ಟೆ, ಹೊಸ್ತಿಲು ದಾಟಿಬಿಡು.

ಈಗ ನನ್ನ ವಿಷಯ ಹೇಳಬೇಕು.

ನಮ್ಮ ಕಡೆ ಮೋಟರು ಓಡುವಂಥ ತ್ರೀ ಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ. ಉಳಿದ ಹೊತ್ತು ದೀಪಕ್ಕೆ ಸಾಕಾಗುವಷ್ಟು ಸಿಂಗಲ್ ಫೇಸ್. ಆಗ ಮೋಟರು ಹಾಕಬಾರದು. ಆದರೆ ಸ್ಟಾರ್ಟರಿಗೆ ಕಂಡೆನ್ಸರ್ ಎಂಬ ಡಬ್ಬಿ ಕಟ್ಟಿದರೆ ಆ ಕರೆಂಟಿನಲ್ಲೂ ಮೋಟರು ಏದುಸಿರು ಬಿಡುತ್ತ ಓಡುತ್ತದೆ. ಓಡಿದಷ್ಟು ಹೊತ್ತೂ ಸುತ್ತಲ ಮನೆಗಳ ಬಲ್ಬು ಕೆಂಪಗಾಗುತ್ತದೆ. ಅದರ ಹಿಂದಿನ ವರ್ಷ ನಾನು ಹಾಗೆ ಓಡಿಸಿ ಮೋಟರು ಸುಟ್ಟುಹೋಗಿತ್ತು. ರತ್ನ ತನ್ನ ಸಂಬಳದಲ್ಲಿ ರಿಪೇರಿ ಮಾಡಿಸಿ, ಇನ್ನು ಕಂಡೆನ್ಸರ್ ಮುಟ್ಟುವುದಿಲ್ಲ ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡಿದ್ದಳು. ನಾನು ಆಣೆ ಇಟ್ಟಿದ್ದೆ. ಈ ಸಲ ಹಿಂದಿನ ಹೊಲದಲ್ಲಿ ತೆಂಗಿನ ಸಸಿ ಇಟ್ಟಿದ್ದೆವು, ಬಿಸಿಲಿಗೆ ಗರಿ ತುದಿ ಸುಡಲು ಶುರುವಾಗಿತ್ತು. ನೋಡಲಾಗಲಿಲ್ಲ. ಬೀರುವಿನ ಹಿಂದಿದ್ದ ಕಂಡೆನ್ಸರನ್ನು ತೆಗೆದು ಮತ್ತೆ ಕಟ್ಟಿದೆ. ರತ್ನ ಕಂಪ್ಯೂಟರಿನ ಮುಂದೆ ಕೂತಳು ಎಂದರೆ ಪಂಪ್‌ಹೌಸಿನ ಕಡೆ ಬರುವುದಿಲ್ಲ. ಆ ಹೊತ್ತು ನೋಡಿಯೇ ಮೋಟರು ಹಾಕುತ್ತಿದ್ದೆ.

ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ಅದು ಆರುತ್ತಿರಲಿಲ್ಲ. ಸಾಬರು ಹೊಸ ಭಾಗ ಹಾಕಿದ ದಿನ ಮೋಟರು ಹಾಕಿ ಬಂದು, ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಬಲ್ಬು ಕೆಂಪಗಿತ್ತು. ಗೋಡೆಯ ಮೇಲಿನ ಇಂಟರ್‌ನೆಟ್ ಡಬ್ಬಿಯ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿ, ಒಂದೊಂದಾಗಿ ಮತ್ತೆ ಹತ್ತಿಕೊಂಡವು. ರತ್ನ ನೀರು ಕುಡಿಯಲು ಒಳಗೆ ಹೋಗಿದ್ದಳು. ಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಅವರು ಕನ್ನಡಕ ಹಾಕಿಕೊಳ್ಳುವ ಹೊತ್ತಿಗೆ ಡಬ್ಬಿ ಏನೂ ಆಗದಂತೆ ಮಿನುಗುತ್ತಿತ್ತು, ಪರದೆಯ ಮೇಲೆ ಕೆಂಪು ಅಕ್ಷರ ಬಂದಿತ್ತು. ನೋಡಿದವಳು ನಾನೊಬ್ಬಳೇ.

ಹೇಳಲಿಲ್ಲ. ಹೇಳಿದರೆ ಕಂಡೆನ್ಸರ್ ವಿಷಯ ಹೇಳಬೇಕು, ತಂಗಿಯ ತಲೆಯ ಮೇಲಿನ ಆಣೆ ಮುರಿದದ್ದು ಹೇಳಬೇಕು. ಮಾರನೆಯ ದಿನ ಮೋಟರು ಹಾಕದೆ ಸುಮ್ಮನೆ ಇದ್ದು ನೋಡಿದೆ. ಅವತ್ತೂ ಹಸಿರು ಗೆರೆ ಅರ್ಧಕ್ಕೆ ನಿಂತಿತು. ನೋಡಿದೆಯಾ, ನನ್ನ ಮೋಟರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಾರೆ ಕಂಡಿದ್ದು ಮಾತ್ರ ಒಳಗೆ ಕೂತಿತ್ತು.

ಹಾಲು ಹಾಕಲು ಡೈರಿಗೆ ಹೋದಾಗ ಸರೋಜಮ್ಮ ವಿಷಯ ತೆಗೆದಳು. ಅವಳ ಗಂಡ ಡೈರಿಯ ಸೆಕ್ರೆಟರಿ. ಅಲ್ಲಿ ಅವಳು ಅಂದದ್ದು ಸಂಜೆಗೆ ಊರೆಲ್ಲ ಇರುತ್ತದೆ.

"ಆ ಸಾಬ್ರು ಹಳೇ ಸಾಮಾನು ಹಾಕಿ ನಿಮ್ಮನ್ನ ಸುಲೀತಾವ್ರೆ ಕಣೇ. ಚೆನ್ನಾಗಿರೋದನ್ನ ಬಿಚ್ಚಿಕೊಂಡು ಹೋಗಿರ್ತಾರೆ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಇಲ್ಲ ಅನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು.

"ಇರ್ಬೋದು ಕಣೇ," ಅಂದೆ.

ಅಷ್ಟೇ. ಅಷ್ಟಕ್ಕೇ ಡೈರಿಯ ಕಂಪ್ಯೂಟರಿನ ಕೆಲಸ ಅವರ ಕೈತಪ್ಪಿತು, ಇನ್ಯಾರಿಗೋ ಹೋಯಿತು. ಸ್ಕೂಲಿನವರೂ ಅವರನ್ನು ಕರೆಯುವುದು ಬಿಟ್ಟರು. ರತ್ನ ಮಾತ್ರ ಮತ್ತೆ ಫೋನು ಮಾಡಿದಳು. ಅವರು ಬಂದರು, ಆದರೆ ಯಾರನ್ನೂ ಮಾತಾಡಿಸಲಿಲ್ಲ, ಕಂಪ್ಯೂಟರನ್ನು ಕೂಡ. ತಾವು ಹಾಕಿದ್ದ ಹೊಸ ಭಾಗವನ್ನು ಬಿಚ್ಚಿ, ನಮ್ಮ ಹಳೆಯದನ್ನೇ ಹಾಕಿ, ಇದು ನಿಮ್ಮದೇ, ನೋಡಿಕೊಳ್ಳಮ್ಮ ಎಂದು ರತ್ನಳಿಗೆ ತೋರಿಸಿದರು. ನಾನು ಟೀ ತಂದೆ. ಬೇಡ ಎಂದು ಹೊರಟುಹೋದರು. ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತವಳಿಗೆ, ಮೊಪೆಡ್ಡಿನ ಸದ್ದು ತೆಂಗಿನ ಸಾಲಿನ ಆಚೆ ಹೋಗುವವರೆಗೆ ಕಾಲು ಕೀಳಲಾಗಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಒಳಗೆ ರತ್ನ, ಕೆಲಸ ಬಿಡುತ್ತೇನೆ ಎಂದು ಕಂಪನಿಗೆ ಹೇಗೆ ಬರೆಯುವುದೆಂದು ಯೋಚಿಸುತ್ತ ಕೂತಿದ್ದಳು.

ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಅವರ ಅಂಗಡಿ ಒಂದು ಟೈಲರ್ ಅಂಗಡಿಯ ಪಕ್ಕ, ಇಬ್ಬರು ನಿಂತರೆ ತುಂಬುವಷ್ಟು. ಕುರ್ಚಿ ಕೊಟ್ಟರು. ಕೂರಲಿಲ್ಲ. ಕಂಡೆನ್ಸರು, ಆಣೆ, ಡಬ್ಬಿಯ ದೀಪ ಆರಿ ಹತ್ತಿದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಒಂದು ದಿನ ಮೋಟರು ಹಾಕದಿದ್ದರೂ ಅಪ್‌ಡೇಟ್ ನಿಂತಿತು ಎನ್ನುವುದನ್ನೂ ಹೇಳಿದೆ. ಅವರು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟರು.

"ಡೈರೀಲಿ ನನ್ನ ಕಳ್ಳ ಅಂದ್ರಂತೆ. ಆಗ ನೀವಿದ್ರಾ?"

"ಇದ್ದೆ."

"ನೀವೇನಂದ್ರಿ?"

"ಇರ್ಬೋದು ಅಂದೆ."

ತಪ್ಪಾಯಿತು ಅಂದೆ. ಹೋಗಲಿ ಬಿಡಿ ಅನ್ನುತ್ತಾರೆ ಎಂದು ಕಾದೆ. ನಮ್ಮ ಜನ ಹಾಗೇ ಅಲ್ಲವೇ, ಎದುರಿಗೆ ಬಂದು ತಲೆ ತಗ್ಗಿಸಿದರೆ ಹೋಗಲಿ ಬಿಡಿ ಅನ್ನುತ್ತಾರೆ. ಅವರು ಅನ್ನಲಿಲ್ಲ.

"ನನ್ ಹತ್ರ ಹೇಳಿದ್ರೆ ನಿಮ್ಗೆ ನಿದ್ದೆ ಬರ್ತದೆ ಅಕ್ಕಮ್ಮ. ನನ್ಗೇನು ಬಂತು? ರೇಡಿಯೋ ಕಾಲದಿಂದ ಒಂದು ಸ್ಕ್ರೂ ಬೇರೆಯವ್ರದು ಇಟ್ಕೊಂಡಿಲ್ಲ ನಾನು. ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳಿ. ಅದೇ ಜನ ಇರ್ಬೇಕು."

ಮುಖ ಕೆಂಪಗಾಗಿತ್ತು. ಅಂಥ ಕೋಪದಲ್ಲೂ ಇದ್ದಕ್ಕಿದ್ದಂತೆ ಅವರ ಹುಬ್ಬು ಮೇಲೇರಿತು. ನಿಮ್ಮ ಮೋಟರು ನಿಂತಿದ್ದಾಗಲೂ ಬರಲಿಲ್ಲ ಅಂದಿರಲ್ಲ, ಹಾಗಾದರೆ ಇನ್ನೂ ಯಾರದೋ ಓಡುತ್ತಿದೆ, ಒಂದೇ ಟಿಸಿಯ ಮೇಲೆ, ಅಂದರು. ಟಿಸಿ ಅಂದರೆ ನಮ್ಮ ಹಟ್ಟಿಗೆಲ್ಲ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು. ಮನೆಮನೆಗೆ ಇಂಟರ್‌ನೆಟ್ ಹಂಚುವ ದೊಡ್ಡ ಡಬ್ಬಿ ಡೈರಿ ಗೋಡೆಯ ಮೇಲಿದೆ, ಅದಕ್ಕೂ ಅಲ್ಲಿಂದಲೇ ಕರೆಂಟು. ಯಾರು ಮೋಟರು ಹಾಕಿದರೂ ಮೊದಲು ಅದಕ್ಕೇ ಪೆಟ್ಟು. ಇಷ್ಟು ಹೇಳುವಾಗ ಅವರಿಗೆ ನನ್ನ ಮೇಲಿನ ಸಿಟ್ಟು ಒಂದು ಗಳಿಗೆ ಮರೆತೇಹೋಗಿತ್ತು. ನೆನಪಾದ ಕೂಡಲೇ ಮುಖ ಮತ್ತೆ ಗಂಟು ಹಾಕಿಕೊಂಡರು.

ಮೊದಲು ತಂಗಿಗೆ ಹೇಳಬೇಕಿತ್ತು. ಮಾರನೆಯ ಬೆಳಿಗ್ಗೆ ಹಸುವಿನ ಪಕ್ಕೆಗೆ ಹಣೆ ಒತ್ತಿ ಹಾಲು ಕರೆಯುತ್ತ ಹೇಳಿದೆ. ಹಾಗಾದರೆ ಅವಳ ಮುಖ ಕಾಣುವುದಿಲ್ಲ ನೋಡಿ. ಹಿಂದಿನ ವಾರ ಅವಳಿಗೆ ಜ್ವರ ಬಂದಾಗ, ಆಣೆ ಮುರಿದದ್ದಕ್ಕೇ ಎಂದು ನಾನು ಎಷ್ಟು ಹೆದರಿದ್ದೆ ಎನ್ನುವುದನ್ನೂ ಹೇಳಿದೆ. ಅವಳು ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಹಾಲು ಕರೆದು ಮುಗಿದಾಗ ಕರುವನ್ನು ಬಿಟ್ಟಳು. ಆಮೇಲೆ ಅಂದಳು:

"ನನ್ನ ತಲೆ ಇನ್ನೂ ಇದ್ದಲ್ಲೇ ಐತೆ ಬುಡು. ಸಾಬ್ರು ಹೆಸ್ರು ಹಾಳು ಮಾಡಿದ್ಯಲ್ಲ, ಅದ್ಕೆ ನಡಿ. ನಾನೂ ಬತ್ತೀನಿ."

ಡೈರಿಯಲ್ಲಿ ಆ ಹೊತ್ತು ಎಂದಿನಂತೆ ಜನವಿತ್ತು. ಸರೋಜಮ್ಮನೂ ಇದ್ದಳು. ನಾಲ್ಕು ಜನರ ಮುಂದೆ ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಕ್ಯಾನು ಕೆಳಗಿಟ್ಟು, ಸಾಬರು ಕಳ್ಳರಲ್ಲ, ನಾನು ಇರಬಹುದು ಅಂದದ್ದು ಸುಳ್ಳು, ಅಪ್‌ಡೇಟ್ ಕೆಡಿಸುತ್ತಿದ್ದದ್ದು ನಾನು ಕದ್ದು ಓಡಿಸುತ್ತಿದ್ದ ಮೋಟರು, ಅಂದುಬಿಟ್ಟೆ. ನನ್ನನ್ನು ನೋಡಿ ನಗುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ನೆಲ ನೋಡುತ್ತಿದ್ದರು.

ಕೊನೆಗೆ ಬಾಯಿ ಬಿಟ್ಟವನು ಪಕ್ಕದ ತೋಟದ ಗಂಗಣ್ಣ. "ನಿಂದೊಂದೇ ಅಂತ ಯಾಕನ್ಕೊಂಡೆ? ನಮ್ದೂ ಐತೆ ಕಣವ್ವ," ಅಂದ. ಅವನ ಹಿಂದಿದ್ದವರು, ನಮ್ಮದೂ ಇದೆ ಅಂದರು. ಒಬ್ಬೊಬ್ಬರೇ ಒಪ್ಪಿಕೊಂಡ ಮೇಲೆ ಎಲ್ಲರ ಕಣ್ಣು ಸರೋಜಮ್ಮನ ಕಡೆ ತಿರುಗಿತು. ಅವಳು ಸೆರಗು ಸರಿಮಾಡಿಕೊಳ್ಳುತ್ತ, "ನಮ್ಮನೇವ್ರು ಎರಡು ಕಟ್ಟವ್ರೆ," ಅಂದಳು. ಆಗ ಎಲ್ಲರೂ ನಕ್ಕರು. ರತ್ನಳೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಅಲ್ಲೇ ಮಾತಾಯಿತು. ಬರುವ ಭಾನುವಾರ ಬೆಳಿಗ್ಗೆ ಹಾಲು ಹಾಕಿ ಹೋದ ಮೇಲೆ ಊಟದ ಹೊತ್ತಿನವರೆಗೆ ನಮ್ಮ ಟಿಸಿಯ ಮೇಲೆ ಯಾರೂ ಮೋಟರು ಹಾಕುವುದಿಲ್ಲ ಎಂದು. ಒಂದು ಬೆಳಿಗ್ಗೆ ನೀರಿಲ್ಲದಿದ್ದರೆ ತೆಂಗಿನಮರ ಸಾಯುವುದಿಲ್ಲ ಅಂದ ಗಂಗಣ್ಣ. ಸಾಬರಿಗೆ ಫೋನು ಮಾಡುವವರು ಯಾರು ಎಂದಾಗ ಸರೋಜಮ್ಮನೇ ನಂಬರು ಕೇಳಿದಳು. ಅವಳ ಮಟ್ಟಿಗೆ ಅದು ದೊಡ್ಡ ಮಾತು.

ಆ ಭಾನುವಾರದಷ್ಟು ಮೌನವನ್ನು ನಮ್ಮ ತೋಟದಲ್ಲಿ ನಾನು ಕೇಳಿಲ್ಲ. ಮೋಟರುಗಳ ಸದ್ದು ನಮಗೆ ಎಷ್ಟು ಅಭ್ಯಾಸವೆಂದರೆ, ಇಲ್ಲದಾಗಲೇ ಅದು ಇತ್ತು ಎಂದು ತಿಳಿಯುವುದು. ಗಿಣಿಗಳ ಗಲಾಟೆ, ಒಣಗರಿ ಬಿದ್ದ ಸದ್ದು, ದೂರದ ರಸ್ತೆಯ ಬಸ್ಸು, ಎಲ್ಲ ಕೇಳುತ್ತಿತ್ತು. ಸಾಬರು ಬಂದರು, ಕೈ ತೊಳೆದರು, ಕೂತರು. ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು. ರತ್ನ ಅಪ್‌ಡೇಟ್ ಹಾಕಿದಳು. ಹಸಿರು ಗೆರೆ ಮುಕ್ಕಾಲಿಗೆ ಬಂದಾಗ ಸಾಬರು ಎದ್ದು, ಕೂರಲಾರದೆ ಗೇಟಿನವರೆಗೆ ಹೋಗಿ ಕಿವಿಗೊಟ್ಟು ಬಂದರು. ನಾನು ಬಲ್ಬು ನೋಡುತ್ತ ನಿಂತಿದ್ದೆ. ಅದು ಬೆಳ್ಳಗೆ ಉರಿಯುತ್ತಲೇ ಇತ್ತು. ಗೆರೆ ತುಂಬಿತು. ಪರದೆ ಕಪ್ಪಾಯಿತು, ರತ್ನ ನನ್ನ ಕೈ ಹಿಡಿದುಕೊಂಡಳು. ಮತ್ತೆ ಬೆಳಕು ಬಂದಾಗ ಕೆಂಪು ಅಕ್ಷರ ಇರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಎದೆಯ ಮೇಲಿನಿಂದ ಯಾರೋ ಕೊಬ್ಬರಿ ಮೂಟೆ ಇಳಿಸಿದಂತೆ ನನಗೆ ಉಸಿರು ಬಂತು.

"ಇವತ್ತು ನಾನೇನೂ ಮಾಡ್ಲಿಲ್ಲ, ಅದ್ಕೇ ಬಂತು," ಅಂದರು ಸಾಬರು. ಒಂದು ಕ್ಷಣ ಬಿಟ್ಟು, "ಆದ್ರೆ ಕಂಡುಹಿಡಿದಿದ್ದು ನಾನೇ," ಎಂದು ಸೇರಿಸಿದರು.

ಟೀ ಕೊಟ್ಟೆ. ಕುಡಿದರು. ಇನ್ನೊಂದು ಲೋಟ ತಾವಾಗಿಯೇ ಕೇಳಿದರು. ಆಮೇಲೆ ಕಾಲು ಚಾಚಿ ಕೂತು, ಈಗ ಹೇಳಿ, ಡೈರಿಯಲ್ಲಿ ಏನು ಹೇಳಿದಿರಿ, ಅಂದರು. ಹೇಳಿದೆ. ಯಾರ್ಯಾರಿದ್ದರು ಎಂದು ಕೇಳಿದರು. ಹೆಸರು ಹೇಳಿದೆ. ಸರೋಜಮ್ಮ ಎರಡು ಕಂಡೆನ್ಸರ್ ಎಂದದ್ದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು.

ಅಲ್ಲಿಂದ ಮುಂದೆ ಅವರು ಬಂದಾಗಲೆಲ್ಲ ಇದೇ. ಡೈರಿಯ ಕೆಲಸ ಮತ್ತೆ ಅವರಿಗೇ ಬಂತು, ಸ್ಕೂಲಿನವರೂ ಕರೆದರು. ಎಲ್ಲಿಗೆ ಬಂದರೂ ನಮ್ಮ ಮನೆಗೆ ಬಂದು, ಅಕ್ಕಮ್ಮ, ಅವತ್ತಿಂದು ಹೇಳಿ ಅನ್ನುವರು. ಮರೆತೆ ಎಂದರೆ ಬಿಡುವವರಲ್ಲ. ಯಾರೋ ನೆಲ ನೋಡಿದ್ದು, ಯಾರೋ ಕೆಮ್ಮಿದ್ದು, ಏನಾದರೂ ಬಿಟ್ಟರೆ ತಾವೇ ಸೇರಿಸುವರು. ಮೊದಮೊದಲು ನನಗೆ ಅದು ಶಿಕ್ಷೆಯಂತೆ ಇತ್ತು. ಎಷ್ಟು ಸಲ ಚುಚ್ಚುತ್ತಾರೆ ಎಂದು ರತ್ನಳ ಹತ್ತಿರ ಗೊಣಗಿದೆ. ಆಮೇಲಾಮೇಲೆ, ಚುಚ್ಚಲು ಅಲ್ಲ, ಕೇಳಲು ಬರುತ್ತಾರೆ ಎಂದು ಗೊತ್ತಾಯಿತು. ಕಳೆದುಹೋಗಿದ್ದ ಒಡವೆ ಸಿಕ್ಕಿದವರು ಪೆಟ್ಟಿಗೆ ತೆರೆದು ತೆರೆದು ನೋಡುವುದಿಲ್ಲವೇ, ಹಾಗೆ. ಹೇಳುತ್ತ ಹೇಳುತ್ತ ನನ್ನ ನಾಲಿಗೆಯೂ ಹಗುರಾಯಿತು. ನಾಚಿಕೆ ಇದ್ದ ಕಡೆ ನಗು ಬರತೊಡಗಿತು.

ಕಾಯಿಲೆಯಾಗಿ ಅಂಗಡಿ ಮುಚ್ಚಿದ್ದಾರೆ ಎಂದು ಗೊತ್ತಾದಾಗ ನಾನೂ ರತ್ನಳೂ ಅವರ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ಮಂಚದ ಮೇಲೆ ಮಲಗಿದ್ದರು. ಬಹಳ ಇಳಿದುಹೋಗಿದ್ದರು, ಆದರೂ ಅಂಗಿಗೆ ಇಸ್ತ್ರಿ ಇತ್ತು. ರತ್ನಳನ್ನು ಕೆಲಸ ಹೇಗಿದೆ ಎಂದು ಕೇಳಿದರು. ಈಗ ಇನ್ನೂ ಇಬ್ಬರಿಗೆ ಕಲಿಸುತ್ತಿದ್ದೇನೆ ಎಂದು ಅವಳು ಹೇಳಿದ್ದಕ್ಕೆ ತಲೆಯಾಡಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದು, ಬಾ, ಇವರ ಬಾಯಿಂದಲೇ ಕೇಳು ಅಂದರು. ಆಕೆ ಕೈ ಒರೆಸುತ್ತ ಬಂದು, "ಡೈರಿ ವಿಷ್ಯ ಅಲ್ವಾ? ನನ್ಗೆ ಬಾಯಿಪಾಠ ಆಗೈತೆ ಅಕ್ಕ, ದಿನಾ ಹೇಳ್ತಾರೆ," ಎಂದು ನಕ್ಕರು. ನಗುತ್ತಲೇ ಮಂಚದ ತುದಿಯಲ್ಲಿ ಕೂತರು. ಕೇಳಲು ಅವರಿಗೂ ಆಸೆ ಇದೆ ಎಂದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಅವರ ಅಂಗಳಕ್ಕೂ ಪಕ್ಕದವರ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಆಚೆ ಯಾರೋ ಹೆಂಗಸರು ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಅವರಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಶುರುಮಾಡಿದೆ.